ಹೊಸ ಓದು: ಯಾವ ವಿಷಯಕ್ಕೆ ಯಾವ ಬರಹ?

ವಿಜ್ಞಾನ, ರಾಜಕೀಯ, ಇತಿಹಾಸ, ಸಂಸ್ಕೃತಿ. ಈ ನಾಲ್ಕರಲ್ಲಿ ಹೊಸದೇನು ಬಂದಿದೆ ಎಂದು ತಿಳಿಯುವ ಆಸೆ ಇದ್ದವರಿಗೆ ಇವತ್ತು ಓದಲು ಬೇಕಾದಷ್ಟಿದೆ. ಕಷ್ಟ ಇರುವುದು ಆರಿಸಿಕೊಳ್ಳುವುದರಲ್ಲಿ. ಒಂದೇ ವಿಷಯದ ಮೇಲೆ ಸುದ್ದಿ ಇರುತ್ತದೆ, ಸಂಶೋಧನಾ ಪ್ರಬಂಧ ಇರುತ್ತದೆ, ಹತ್ತು ಪುಟದ ಲೇಖನ ಇರುತ್ತದೆ, ನಾನೂರು ಪುಟದ ಪುಸ್ತಕ ಇರುತ್ತದೆ, ಆ ಪುಸ್ತಕದ ವಿಮರ್ಶೆಯೂ ಇರುತ್ತದೆ. ಎಲ್ಲವನ್ನೂ ಓದುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಹಾಗಾದರೆ ಯಾವುದನ್ನು ಕೈಗೆತ್ತಿಕೊಳ್ಳೋಣ?

ಬಹಳ ಕಾಲದಿಂದ ಈ ನಾಲ್ಕನ್ನೂ ಓದುತ್ತಾ ಬಂದ ನನಗೆ ಗಟ್ಟಿಯಾಗಿ ಅನ್ನಿಸಿರುವ ಮಾತೊಂದಿದೆ. ಹೊಸತನಕ್ಕೆ ಈ ನಾಲ್ಕು ಕಡೆ ಒಂದೇ ಬೆಲೆ ಇಲ್ಲ. ವಿಜ್ಞಾನದಲ್ಲಿ ನಿನ್ನೆ ಬಂದ ಫಲಿತಾಂಶದ ಮೇಲೆ ಇಡಬಹುದಾದ ನಂಬಿಕೆ ತೀರಾ ಕಡಿಮೆ. ರಾಜಕೀಯದಲ್ಲಿ ಹೊಸದು ಬೇಕೇ ಬೇಕು, ಆದರೆ ಬೇಗ ಹಳಸುತ್ತದೆ. ಇತಿಹಾಸದಲ್ಲಿ ಎಷ್ಟೋ ಸಲ ಹಳೆಯ ದಾಖಲೆಯನ್ನೇ ಯಾರೋ ಹೊಸ ಪ್ರಶ್ನೆ ಇಟ್ಟುಕೊಂಡು ಓದಿರುತ್ತಾರೆ, ಅದೇ ಹೊಸದು. ಸಂಸ್ಕೃತಿಯಲ್ಲಿ ಕೃತಿಯೇ ನಮ್ಮ ಮುಂದೆ ಇರುತ್ತದೆ, ಬೇರೆಯವರು ಹೇಳುವವರೆಗೆ ಕಾಯಬೇಕಿಲ್ಲ. ಆದ್ದರಿಂದ ಒಂದು ಕಡೆ ಒಳ್ಳೆಯ ಆಯ್ಕೆ ಆಗುವ ಬರಹ ಇನ್ನೊಂದು ಕಡೆ ಕೆಟ್ಟ ಆಯ್ಕೆ ಆಗಬಹುದು.

ವಿಜ್ಞಾನ: ಸ್ವಲ್ಪ ಕಾದರೆ ಲಾಭ

ವಿಜ್ಞಾನದ ಒಂದು ಫಲಿತಾಂಶ ಹಲವು ರೂಪದಲ್ಲಿ ನಮ್ಮ ಮುಂದೆ ಬರುತ್ತದೆ. ಮೊದಲು ಪ್ರಿಪ್ರಿಂಟ್. ಬೇರೆ ವಿಜ್ಞಾನಿಗಳು ಪರಿಶೀಲಿಸುವ ಮೊದಲೇ ಲೇಖಕರು ಎಲ್ಲರಿಗೂ ಸಿಗುವಂತೆ ಹಾಕಿದ ಪ್ರಬಂಧ ಅದು. ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಭೌತವಿಜ್ಞಾನಿಗಳಿಗಾಗಿ ಶುರು ಮಾಡಿದ ಆರ್ಕೈವ್ ಇಂಥವುಗಳ ದೊಡ್ಡ ಭಂಡಾರ. ಜೀವವಿಜ್ಞಾನಕ್ಕೆ 2013ರಲ್ಲಿ ಬಯೋಆರ್ಕೈವ್ ಬಂತು, ವೈದ್ಯಕೀಯಕ್ಕೆ 2019ರಲ್ಲಿ ಮೆಡ್‌ಆರ್ಕೈವ್. ಪ್ರಿಪ್ರಿಂಟ್ ಆದ ಮೇಲೆ ಪಿಯರ್ ರಿವ್ಯೂ, ಅಂದರೆ ಬೇರೆ ವಿಜ್ಞಾನಿಗಳ ಪರಿಶೀಲನೆ, ದಾಟಿ ಜರ್ನಲ್‌ನಲ್ಲಿ ಅಚ್ಚಾದ ಪ್ರಬಂಧ. ಅದರ ಜೊತೆಗೇ ವಿಶ್ವವಿದ್ಯಾಲಯದ ಪತ್ರಿಕಾ ಪ್ರಕಟಣೆ, ಅದನ್ನು ನೋಡಿಕೊಂಡು ಬರೆದ ಸುದ್ದಿ. ಕೆಲವು ವಾರ ಬಿಟ್ಟು ದೀರ್ಘ ಲೇಖನ. ಕೆಲವು ವರ್ಷ ಬಿಟ್ಟು, ಆ ವಿಷಯದ ಎಲ್ಲ ಅಧ್ಯಯನಗಳನ್ನೂ ಒಟ್ಟಿಗೆ ತೂಗಿ ನೋಡುವ ಸಮೀಕ್ಷಾ ಪ್ರಬಂಧ. ಕೊನೆಗೆ ಪುಸ್ತಕ.

ಇವುಗಳಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದು ಪತ್ರಿಕಾ ಪ್ರಕಟಣೆ ಮತ್ತು ಸುದ್ದಿ. ಜಾಸ್ತಿ ಎಡವುವುದೂ ಅಲ್ಲೇ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಆರೋಗ್ಯದ ಬಗ್ಗೆ ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಕಾರ್ಡಿಫ್‌ನ ಸಂಶೋಧಕರು ಮೂಲ ಪ್ರಬಂಧಗಳ ಜೊತೆ ಹೋಲಿಸಿ ನೋಡಿದರು. ಅವರ ಅಧ್ಯಯನ 2014ರಲ್ಲಿ ಬಂತು. ಪ್ರಕಟಣೆಗಳಲ್ಲಿ ಶೇ. 40ರಷ್ಟು, ಮೂಲ ಪ್ರಬಂಧಕ್ಕಿಂತ ಮುಂದೆ ಹೋಗಿ ಓದುಗರಿಗೆ ಸಲಹೆ ಕೊಟ್ಟಿದ್ದವು. ಪ್ರಕಟಣೆ ಹೀಗೆ ಉಬ್ಬಿಸಿದ್ದಾಗ ಶೇ. 58ರಷ್ಟು ಸುದ್ದಿಗಳೂ ಉಬ್ಬಿಸಿದ್ದವು. ಪ್ರಕಟಣೆ ನೆಟ್ಟಗಿದ್ದಾಗ ಆ ಪ್ರಮಾಣ ಶೇ. 17ಕ್ಕೆ ಇಳಿದಿತ್ತು. ಅಂದರೆ ತಪ್ಪೆಲ್ಲ ಪತ್ರಕರ್ತರದ್ದು ಎಂದು ಸುಮ್ನೆ ಬೈಯುವುದು ಸರಿಯಲ್ಲ. ಎಷ್ಟೋ ಸಲ ಉತ್ಪ್ರೇಕ್ಷೆ ಶುರುವಾಗುವುದು ಸಂಶೋಧನೆ ನಡೆದ ಜಾಗದಲ್ಲೇ.

ಹಾಗಾದರೆ ನೇರವಾಗಿ ಮೂಲ ಪ್ರಬಂಧವನ್ನೇ ಓದಿದರೆ? ಕೆಲವು ಸಲ ಅದೇ ಸರಿ. 2011ರ ಸೆಪ್ಟೆಂಬರ್‌ನಲ್ಲಿ ಒಪೆರಾ ಪ್ರಯೋಗದ ಸುದ್ದಿ ಬಂತು. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳು ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯವನ್ನು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪಿದಂತೆ ಕಂಡಿತ್ತು. ಬೆಳಕಿಗಿಂತ ವೇಗವಾಗಿ ಏನೂ ಹೋಗಲಾರದು ಎಂದು ಐನ್‌ಸ್ಟೈನ್ ಹೇಳಿದ್ದು ಸುಳ್ಳಾಯಿತೇ ಎಂದು ಸುದ್ದಿಗಳು ಕೇಳಿದವು. ಆ ವಿಜ್ಞಾನಿಗಳಾದರೋ, ನಮಗೆ ಕಾರಣ ಗೊತ್ತಾಗುತ್ತಿಲ್ಲ, ಬೇರೆಯವರೂ ಪರೀಕ್ಷಿಸಲಿ ಎಂದು ಎಚ್ಚರಿಕೆಯಿಂದ ಹೇಳಿದ್ದರು. 2012ರಲ್ಲಿ ಕಾರಣ ಸಿಕ್ಕಿತು. ಸಮಯ ಅಳೆಯುವ ವ್ಯವಸ್ಥೆಗೆ ಜೋಡಿಸಿದ್ದ ಒಂದು ಫೈಬರ್ ಆಪ್ಟಿಕ್ ಕೇಬಲ್ ಸರಿಯಾಗಿ ಕೂತಿರಲಿಲ್ಲ. ಅವತ್ತು ಪ್ರಿಪ್ರಿಂಟ್‌ನ ಕೊನೆಯ ಪ್ಯಾರಾ ಓದಿದ್ದವರಿಗೆ ಸುದ್ದಿ ಓದಿದ್ದವರಿಗಿಂತ ಜಾಸ್ತಿ ನಿಜ ಗೊತ್ತಿತ್ತು.

ಆದರೆ ಇದನ್ನೇ ನಿಯಮ ಮಾಡಿಕೊಳ್ಳಲು ಬರುವುದಿಲ್ಲ. 2020ರ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೇ 22ರಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ, ಪಿಯರ್ ರಿವ್ಯೂ ಮುಗಿಸಿದ ಒಂದು ದೊಡ್ಡ ಪ್ರಬಂಧ ಬಂತು. ಸುಮಾರು 96,000 ಕೋವಿಡ್ ರೋಗಿಗಳ ದಾಖಲೆ ನೋಡಿ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧಿಯ ಬಗ್ಗೆ ಅದು ತೀರ್ಮಾನ ಹೇಳಿತ್ತು. ಆ ದಾಖಲೆಗಳನ್ನು ಹೊರಗಿನವರ ಪರಿಶೀಲನೆಗೆ ಕೊಡಲು ದತ್ತಾಂಶ ಒದಗಿಸಿದ ಕಂಪನಿ ಒಪ್ಪಲಿಲ್ಲ. ಜೂನ್ 4ರಂದು ಪ್ರಬಂಧವನ್ನು ವಾಪಸ್ ಪಡೆಯಬೇಕಾಯಿತು. ಇದಾದ ಹನ್ನೆರಡನೇ ದಿನ, ಜೂನ್ 16ರಂದು, ಕೋವಿಡ್ ಚಿಕಿತ್ಸೆಗಳನ್ನು ಪರೀಕ್ಷಿಸುತ್ತಿದ್ದ ಬ್ರಿಟನ್ನಿನ ರಿಕವರಿ ಪ್ರಯೋಗದವರು ಬರೀ ಒಂದು ಪತ್ರಿಕಾ ಪ್ರಕಟಣೆಯಲ್ಲಿ ತಮ್ಮ ಫಲಿತಾಂಶ ಹೇಳಿದರು. ವೆಂಟಿಲೇಟರ್ ಮೇಲಿದ್ದ ರೋಗಿಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧಿ ಸಾವನ್ನು ಮೂರನೇ ಒಂದರಷ್ಟು ಕಡಿಮೆ ಮಾಡಿತ್ತು. ಆಮೇಲೆ ಬಂದ ಪ್ರಿಪ್ರಿಂಟ್ ಮತ್ತು ಜರ್ನಲ್ ಪ್ರಬಂಧ ಎರಡೂ ಅದನ್ನೇ ಹೇಳಿದವು. ಒಂದು ಕಡೆ ಹೆಸರುವಾಸಿ ಜರ್ನಲ್ ತಪ್ಪಿತು, ಇನ್ನೊಂದು ಕಡೆ ಪತ್ರಿಕಾ ಪ್ರಕಟಣೆ ಸರಿಯಿತ್ತು. ವ್ಯತ್ಯಾಸ ಇದ್ದದ್ದು ಅಧ್ಯಯನ ನಡೆದ ರೀತಿಯಲ್ಲಿ. ರಿಕವರಿಯಲ್ಲಿ ಯಾವ ರೋಗಿಗೆ ಆ ಔಷಧಿ ಕೊಡಬೇಕು, ಯಾರಿಗೆ ಬೇಡ ಎನ್ನುವುದನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಹಂಚಿದ್ದರು. ಪ್ರಯೋಗ ನಡೆಯುತ್ತಿರುವುದು ಎಲ್ಲರಿಗೂ ಗೊತ್ತಿತ್ತು.

ಪಿಯರ್ ರಿವ್ಯೂ ಮಾಡುವವರು ಪ್ರಯೋಗವನ್ನು ಮತ್ತೆ ಮಾಡಿ ನೋಡುವುದಿಲ್ಲ, ಬರೆದದ್ದನ್ನು ಓದಿ ಪ್ರಶ್ನೆ ಕೇಳುತ್ತಾರೆ ಅಷ್ಟೆ. ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ಒಂದು ದೊಡ್ಡ ಯತ್ನದ ಫಲಿತಾಂಶ 2015ರಲ್ಲಿ ಬಂತು. ಮೊದಲ ಸಲ ಶೇ. 97ರಷ್ಟು ಅಧ್ಯಯನಗಳಲ್ಲಿ ಗಣನೀಯ ಪರಿಣಾಮ ಕಂಡಿತ್ತು. ಎರಡನೇ ಸಲ ಅಂಥ ಪರಿಣಾಮ ಕಂಡದ್ದು ಶೇ. 36ರಲ್ಲಿ ಮಾತ್ರ.

ಹಾಗಾಗಿ ಬರೀ ಕುತೂಹಲಕ್ಕೆ ಓದುವವರಿಗೆ ನನ್ನ ಮೊದಲ ಆಯ್ಕೆ ದೀರ್ಘ ಲೇಖನ. ಫಲಿತಾಂಶ ಬಂದು ಕೆಲವು ವಾರವಾದರೂ ಕಳೆದಿರಬೇಕು. ಅದು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಾನು ಮೊದಲು ಹುಡುಕುವುದು, ಅಧ್ಯಯನದಲ್ಲಿ ಭಾಗಿಯಾಗದ ಒಬ್ಬ ವಿಜ್ಞಾನಿಯ ಮಾತು ಅಲ್ಲಿದೆಯೇ ಎಂದು. ಇಲ್ಲದಿದ್ದರೆ ಮುಂದಿನದಕ್ಕೆ ಹೋಗುತ್ತೇನೆ. ಇನ್ನೊಂದು ಗುರುತು, ಅಂಕಿಗಳನ್ನು ಹೇಳುವ ರೀತಿ. "ಅಪಾಯ ದುಪ್ಪಟ್ಟು" ಎಂದರೆ ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಯಿತು ಎಂದೂ ಆಗಬಹುದು, ಹತ್ತರಲ್ಲಿ ಒಬ್ಬರಿಂದ ಇಬ್ಬರಿಗೆ ಎಂದೂ ಆಗಬಹುದು. ಒಳ್ಳೆಯ ಲೇಖಕರು ಯಾವುದು ಎಂದು ಬಿಡಿಸಿ ಹೇಳುತ್ತಾರೆ. ಗಣಿತ, ಭೌತವಿಜ್ಞಾನ, ಜೀವವಿಜ್ಞಾನಕ್ಕೆ ಕ್ವಾಂಟಾ ಎಂಬ ವೆಬ್ ಪತ್ರಿಕೆ ಒಳ್ಳೆಯ ಜಾಗ, ಹಣವೂ ಕೊಡಬೇಕಿಲ್ಲ. ನೇಚರ್ ಮತ್ತು ಸೈನ್ಸ್ ಜರ್ನಲ್‌ಗಳು ಎಂದರೆ ಬರೀ ಪ್ರಬಂಧಗಳು ಎಂದುಕೊಂಡವರು ಅವುಗಳ ಸುದ್ದಿ ವಿಭಾಗವನ್ನೂ ನೋಡಬೇಕು. ಅವನ್ನು ಪತ್ರಕರ್ತರೇ ಬರೆಯುತ್ತಾರೆ, ಸಾಮಾನ್ಯ ಓದುಗರಿಗೂ ಅರ್ಥವಾಗುತ್ತವೆ.

ನಿಮ್ಮ ದೇಹಕ್ಕೆ, ಮನೆಯವರ ಔಷಧಿಗೆ ಸಂಬಂಧಿಸಿದ ನಿರ್ಧಾರ ಇದ್ದರೆ ಮಾತ್ರ ಲೇಖನ ಸಾಲದು. ಆಗ ಸಮೀಕ್ಷಾ ಪ್ರಬಂಧವೇ ಬೇಕು. 1993ರಲ್ಲಿ ಹುಟ್ಟಿದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಗಳ ಜೊತೆ ಸರಳ ಭಾಷೆಯ ಸಾರಾಂಶವೂ ಇರುತ್ತದೆ. ಅದನ್ನು ಓದಿಕೊಂಡು ವೈದ್ಯರ ಹತ್ತಿರ ಹೋದರೆ ಮಾತುಕತೆಯೇ ಬೇರೆ ಥರ ಆಗುತ್ತದೆ. ಹವಾಮಾನ ಬದಲಾವಣೆಗೂ ಹೀಗೇ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿಯನ್ನು 234 ಲೇಖಕರು 14,000ಕ್ಕೂ ಹೆಚ್ಚು ಪ್ರಬಂಧಗಳನ್ನು ಆಧರಿಸಿ ಬರೆದರು. ಇಡೀ ವರದಿ ಸಾವಿರಾರು ಪುಟ. ನಮ್ಮಂಥವರಿಗೆ ಅದರೊಳಗಿನ ಪ್ರಶ್ನೋತ್ತರ ಭಾಗ ಇದೆ. ಬಹಳ ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ಹವಾಮಾನದ ಬಗ್ಗೆ ಒಂದೇ ಒಂದನ್ನು ಓದುವುದಾದರೆ ಅದನ್ನು ಓದಿ.

ಪುಸ್ತಕ ಆರಿಸುವಾಗ ಅಚ್ಚಾದ ವರ್ಷ ನೋಡಿಕೊಳ್ಳಬೇಕು. ಆದರೆ ವರ್ಷದ ಮಹತ್ವವೂ ವಿಷಯಕ್ಕೆ ತಕ್ಕಂತೆ ಬದಲಾಗುತ್ತದೆ. ಸಾಪೇಕ್ಷತಾ ಸಿದ್ಧಾಂತವನ್ನು ಚೆನ್ನಾಗಿ ವಿವರಿಸುವ ಮೂವತ್ತು ವರ್ಷ ಹಳೆಯ ಪುಸ್ತಕ ಈಗಲೂ ನಡೆಯುತ್ತದೆ. ಮನುಷ್ಯರ ಮೂಲದ ಬಗ್ಗೆ 2009ರಲ್ಲಿ ಬಂದ ಪುಸ್ತಕ ನಡೆಯುವುದಿಲ್ಲ. ಮರುವರ್ಷವೇ ನಿಯಾಂಡರ್ತಾಲ್ ಎಂಬ ಪ್ರಾಚೀನ ಮಾನವರ ಜಿನೋಮ್‌ನ, ಅಂದರೆ ಪೂರ್ತಿ ಡಿಎನ್‌ಎಯ, ಮೊದಲ ಕರಡು ಬಂತು, ಅವರಿಗೂ ನಮಗೂ ಸಂತಾನದ ನಂಟು ಇತ್ತು ಎನ್ನುವುದು ಗೊತ್ತಾಯಿತು. ಡೆನಿಸೋವನ್ನರು ಎಂಬ ಇನ್ನೊಂದು ಗುಂಪು ಇದ್ದದ್ದೂ ಅದೇ ವರ್ಷ ತಿಳಿಯಿತು. ಈ ಕೆಲಸಕ್ಕೆ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಸಿಕ್ಕಿತು.

ರಾಜಕೀಯ: ಸುದ್ದಿ ಕಡಿಮೆ, ದಾಖಲೆ ಜಾಸ್ತಿ

ಮತ ಹಾಕುವವರು ಸುದ್ದಿ ಓದದೇ ಇರಲು ಆಗುವುದಿಲ್ಲ. ಆದರೆ ದಿನವಿಡೀ ಓದಬೇಕಿಲ್ಲ. ಬೆಳಗ್ಗೆ ಬಂದ ಹೇಳಿಕೆ, ಮಧ್ಯಾಹ್ನದ ಪ್ರತಿ ಹೇಳಿಕೆ, ಸಂಜೆಯ ಸ್ಪಷ್ಟೀಕರಣ, ಇವುಗಳಲ್ಲಿ ವಾರ ಕಳೆದ ಮೇಲೂ ನೆನಪಿಡಬೇಕಾದದ್ದು ಎಷ್ಟು ಉಳಿದೀತು? ದಿನಕ್ಕೆ ಒಂದು ಸಲ ಓದುವುದು ಸಾಕು. ವಾರಪತ್ರಿಕೆ ಓದುವ ಅಭ್ಯಾಸ ಇದ್ದರೆ ಇನ್ನೂ ಒಳ್ಳೆಯದು.

ಸುದ್ದಿಯಿಂದ ಉಳಿಸಿದ ಆ ಸಮಯವನ್ನು ಮೂಲ ದಾಖಲೆಗೆ ಕೊಡಿ ಎನ್ನುವುದೇ ನನ್ನ ಒತ್ತಾಯ. ಮಸೂದೆ, ತೀರ್ಪು, ಲೆಕ್ಕ ಪರಿಶೋಧನೆಯ ವರದಿ, ತನಿಖಾ ವರದಿ, ಪ್ರಣಾಳಿಕೆ. ಇವು ಬೇಸರ ತರಿಸುತ್ತವೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ಆದರೆ ಬೇರೆಯವರು ಮಾಡಿಕೊಟ್ಟ ಸಾರಾಂಶವನ್ನು ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ 2016ರ ಚುನಾವಣೆಯಲ್ಲಿ ರಷ್ಯಾದ ಹಸ್ತಕ್ಷೇಪದ ಬಗ್ಗೆ ರಾಬರ್ಟ್ ಮುಲ್ಲರ್ ನಡೆಸಿದ ತನಿಖೆಯ ವರದಿ ಒಳ್ಳೆಯ ಉದಾಹರಣೆ. 2019ರ ಮಾರ್ಚ್ 24ರಂದು ಅಟಾರ್ನಿ ಜನರಲ್ ವಿಲಿಯಂ ಬಾರ್ ನಾಲ್ಕು ಪುಟದ ಪತ್ರದಲ್ಲಿ ವರದಿಯ ಮುಖ್ಯ ತೀರ್ಮಾನಗಳನ್ನು ಹೇಳಿದರು. 448 ಪುಟದ ವರದಿ, ಕೆಲವು ಭಾಗ ಮುಚ್ಚಿ, ಹೊರಗೆ ಬಂದದ್ದು ಏಪ್ರಿಲ್ 18ರಂದು. ನಡುವಿನ ಮೂರೂವರೆ ವಾರ ಚರ್ಚೆ ನಡೆದದ್ದೆಲ್ಲ ಆ ನಾಲ್ಕು ಪುಟದ ಮೇಲೆ. ಆ ಪತ್ರ ತಮ್ಮ ಕೆಲಸದ ಸಂದರ್ಭವನ್ನೂ ಸಾರವನ್ನೂ ಪೂರ್ತಿ ಹಿಡಿದಿಟ್ಟಿಲ್ಲ ಎಂದು ಮುಲ್ಲರ್ ಅವರೇ ಬಾರ್‌ಗೆ ಬರೆದಿದ್ದರು. ಅದು ಜನರಿಗೆ ಗೊತ್ತಾಗುವ ಹೊತ್ತಿಗೆ ಅಭಿಪ್ರಾಯಗಳು ಗಟ್ಟಿಯಾಗಿಬಿಟ್ಟಿದ್ದವು.

ಪೂರ್ತಿ ಓದಬೇಕೆಂದಿಲ್ಲ. ಇರಾಕ್ ಯುದ್ಧದ ಬಗ್ಗೆ ಬ್ರಿಟನ್ನಿನ ಚಿಲ್ಕಾಟ್ ಸಮಿತಿ 2016ರಲ್ಲಿ ಕೊಟ್ಟ ವರದಿ 26 ಲಕ್ಷ ಪದಗಳದ್ದು. ಅದನ್ನು ಯಾರು ಓದುತ್ತಾರೆ? ಆದರೆ ಸಮಿತಿಯೇ ಬರೆದ ಸಾರಾಂಶ ಸುಮಾರು 150 ಪುಟ. ಎರಡು ಸಂಜೆಯ ಓದು. ಮಸೂದೆಯಾದರೆ ಉದ್ದೇಶದ ಹೇಳಿಕೆ, ವ್ಯಾಖ್ಯೆಗಳ ಭಾಗ, ಯಾವಾಗ ಜಾರಿಗೆ ಬರುತ್ತದೆ ಎನ್ನುವ ಸಾಲು, ಇಷ್ಟು ನೋಡಿದರೂ ಟಿವಿ ಚರ್ಚೆಯಲ್ಲಿ ಸಿಗದ ವಿಷಯ ಸಿಗುತ್ತದೆ. ಯಾರು ಒಳಗೆ ಬರುತ್ತಾರೆ, ಯಾರು ಹೊರಗೆ ಉಳಿಯುತ್ತಾರೆ ಎನ್ನುವುದು ಅಡಗಿರುವುದು ಹೆಚ್ಚಾಗಿ ವ್ಯಾಖ್ಯೆಗಳಲ್ಲಿ.

ಅಂಕಣಗಳಿಗೂ ತನಿಖಾ ಬರಹಕ್ಕೂ ನಡುವೆ ಆರಿಸುವುದಾದರೆ ನಾನು ಕಣ್ಣು ಮುಚ್ಚಿ ತನಿಖಾ ಬರಹ ಆರಿಸುತ್ತೇನೆ. 2016ರ ಪನಾಮ ಪೇಪರ್ಸ್ ನೆನಪಿರಬಹುದು. ಪನಾಮದ ಒಂದು ಕಾನೂನು ಸಂಸ್ಥೆಯಿಂದ ಸೋರಿಕೆಯಾದ 1.15 ಕೋಟಿ ಕಡತಗಳನ್ನು ಸುಮಾರು 80 ದೇಶಗಳ ಪತ್ರಕರ್ತರು ಒಟ್ಟಿಗೆ ಕೂತು ಜಾಲಾಡಿದರು. ಅಂಥ ಬರಹ ಒಂದನ್ನು ಓದಿದರೆ ಹಣ ಹೇಗೆ ಗಡಿ ದಾಟುತ್ತದೆ, ಹೆಸರು ಹೇಗೆ ಮರೆಯಾಗುತ್ತದೆ ಎನ್ನುವುದು ತಿಳಿಯುತ್ತದೆ. ಆ ತಿಳಿವಳಿಕೆ ಮುಂದಿನ ಹತ್ತು ಸುದ್ದಿಗಳಿಗೆ ಬೆಳಕಾಗುತ್ತದೆ. ಅಂಕಣಕಾರರು ಮುಂದೆ ಏನಾಗುತ್ತದೆ ಎಂದು ಹೇಳುವುದನ್ನಂತೂ ಎಚ್ಚರದಿಂದ ಓದಬೇಕು. ಮನೋವಿಜ್ಞಾನಿ ಫಿಲಿಪ್ ಟೆಟ್‌ಲಾಕ್ 284 ತಜ್ಞರ ಸಾವಿರಾರು ಭವಿಷ್ಯವಾಣಿಗಳನ್ನು ಎರಡು ದಶಕ ಹಿಂಬಾಲಿಸಿ ನೋಡಿದರು. ಸರಾಸರಿ ತಜ್ಞರು ಕುರುಡು ಊಹೆಗಿಂತ ಸ್ವಲ್ಪವೇ ಮೇಲಿದ್ದರು. ಒಂದೇ ದೊಡ್ಡ ಸಿದ್ಧಾಂತದಿಂದ ಎಲ್ಲವನ್ನೂ ವಿವರಿಸುವವರು ಇನ್ನೂ ಕೆಳಗಿದ್ದರು. ಅಂಕಣ ಓದುವುದೇ ಆದರೆ ನಿಮಗೆ ಒಪ್ಪಿಗೆಯಾಗದ, ಆದರೆ ಪ್ರಾಮಾಣಿಕವಾಗಿ ವಾದಿಸುವ ಒಬ್ಬರನ್ನು ಹುಡುಕಿಕೊಂಡು ಓದಿ.

ರಾಜಕಾರಣಿಗಳ ಆತ್ಮಕಥೆ? ಅವರು ಹೇಗೆ ನೆನಪಿನಲ್ಲಿ ಉಳಿಯಬೇಕೆಂದು ಬಯಸುತ್ತಾರೆ ಎಂದು ತಿಳಿಯಲು ಒಳ್ಳೆಯದು. ನಡೆದದ್ದನ್ನು ತಿಳಿಯಲು ಬೇರೆಯದನ್ನು ಓದಿ.

ಇತಿಹಾಸ: ವಿಮರ್ಶೆಯಿಂದ ಶುರು ಮಾಡಿ

ಇತಿಹಾಸದಲ್ಲಿ ಹೊಸದು ಹುಟ್ಟುವ ದಾರಿಗಳು ಕೆಲವೇ. ಮುಚ್ಚಿದ್ದ ದಾಖಲೆಗಳು ತೆರೆದುಕೊಳ್ಳಬಹುದು. ಹನ್ನೆರಡನೇ ಪಯಸ್ ಪೋಪ್ ಆಗಿದ್ದ ಕಾಲದ ವ್ಯಾಟಿಕನ್ ಕಡತಗಳು 2020ರ ಮಾರ್ಚ್‌ನಲ್ಲಿ ಸಂಶೋಧಕರಿಗೆ ಸಿಕ್ಕವು. ಎರಡನೇ ಮಹಾಯುದ್ಧದಲ್ಲಿ ಚರ್ಚ್ ಏನು ಮಾಡಿತು ಎನ್ನುವ ಚರ್ಚೆಗೆ ಅಲ್ಲಿಂದ ಹೊಸ ಸಾಮಗ್ರಿ ಬರುತ್ತಿದೆ. ಇಲ್ಲವೇ ಹೊಸ ಉಪಕರಣ ಬರಬಹುದು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯಿಂದ ಸುಟ್ಟು ಕರಕಲಾದ ಇಟಲಿಯ ಹರ್ಕ್ಯುಲೇನಿಯಂ ಊರಿನ ಬರಹದ ಸುರುಳಿಗಳನ್ನು ಬಿಚ್ಚಿದರೆ ಪುಡಿಯಾಗುತ್ತವೆ. ಅವನ್ನು ಬಿಚ್ಚದೆಯೇ, ಎಕ್ಸ್‌ರೇ ಸ್ಕ್ಯಾನ್ ಮತ್ತು ಯಂತ್ರ ಕಲಿಕೆಯ (ಮಷೀನ್ ಲರ್ನಿಂಗ್) ಸಹಾಯದಿಂದ ಓದುವ ಸ್ಪರ್ಧೆ 2023ರಲ್ಲಿ ಶುರುವಾಯಿತು. ಅದೇ ವರ್ಷ ಮೊದಲ ಪದ ಓದಲು ಬಂತು. 2024ರ ಫೆಬ್ರವರಿ ಹೊತ್ತಿಗೆ ಒಂದು ಸುರುಳಿಯ ಸುಮಾರು ಶೇ. 5ರಷ್ಟು ಪಠ್ಯ ಸಿಕ್ಕಿತ್ತು. ಸುಮಾರು ಎರಡು ಸಾವಿರ ವರ್ಷ ಯಾರೂ ಓದದ ಸಾಲುಗಳು. ಇಂಥದ್ದನ್ನು ಓದುವಾಗ ಆಗುವ ಸಂತೋಷವೇ ಬೇರೆ.

ಇಂಥ ವಿಷಯಗಳಿಗೆ ಜರ್ನಲ್ ಪ್ರಬಂಧ, ಲೇಖನ, ಪುಸ್ತಕ, ಪುಸ್ತಕ ವಿಮರ್ಶೆ ಎಲ್ಲವೂ ಇವೆ. ನಾನು ಶುರು ಮಾಡುವುದು ಉದ್ದನೆಯ ವಿಮರ್ಶೆಯಿಂದ. 1902ರಿಂದ ಬರುತ್ತಿರುವ ಟೈಮ್ಸ್ ಲಿಟರರಿ ಸಪ್ಲಿಮೆಂಟ್, 1963ರ ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್, 1979ರ ಲಂಡನ್ ರಿವ್ಯೂ ಆಫ್ ಬುಕ್ಸ್, ಇವುಗಳಲ್ಲಿ ಒಬ್ಬ ಇತಿಹಾಸಕಾರರು ಒಂದೇ ವಿಷಯದ ಎರಡು ಮೂರು ಹೊಸ ಪುಸ್ತಕಗಳನ್ನು ಒಟ್ಟಿಗೆ ಓದಿ ಬರೆದಿರುತ್ತಾರೆ. ಮೊದಲಿನವರು ಏನು ಹೇಳಿದ್ದರು, ಇವರು ಎಲ್ಲಿ ಬೇರೆಯಾಗುತ್ತಾರೆ, ಆಕರಗಳು ಎಷ್ಟು ಗಟ್ಟಿ, ಎಲ್ಲವೂ ಒಂದು ಗಂಟೆಯ ಓದಿನಲ್ಲಿ ಸಿಗುತ್ತದೆ. ಪುಸ್ತಕ ಕೊಳ್ಳಬೇಕೋ ಬೇಡವೋ ಎನ್ನುವುದೂ ತೀರ್ಮಾನವಾಗುತ್ತದೆ. ಒಂದೇ ತೊಂದರೆ, ಕೆಲವು ವಿಮರ್ಶಕರು ಪುಸ್ತಕವನ್ನು ಪಕ್ಕಕ್ಕಿಟ್ಟು ತಮ್ಮದೇ ವಾದ ಹೂಡುತ್ತಾರೆ. ಅದಕ್ಕೇ ಒಂದೇ ಪುಸ್ತಕದ ಎರಡು ವಿಮರ್ಶೆ ಓದಬೇಕು. ಇಬ್ಬರೂ ಒಪ್ಪಿದ್ದನ್ನು ನಂಬಬಹುದು, ಜಗಳವಾಡಿದ ಜಾಗದಲ್ಲಿ ನಿಜವಾದ ಪ್ರಶ್ನೆ ಇರುತ್ತದೆ.

ಪುಸ್ತಕ ಕೈಗೆ ಬಂದ ಮೇಲೆ ಮೊದಲು ಹಿಂದಿನ ಪುಟಗಳನ್ನು ತಿರುವಿ. ಅಡಿಟಿಪ್ಪಣಿಗಳು ಇವೆಯೇ? ಲೇಖಕರು ಆ ದೇಶದ ಭಾಷೆಯ ಆಕರಗಳನ್ನು ನೋಡಿದ್ದಾರೆಯೇ, ಇಲ್ಲಾ ಇಂಗ್ಲಿಷ್ ಅನುವಾದ ಮಾತ್ರವೇ? ಹತ್ತು ಸಾವಿರ ವರ್ಷವನ್ನು ಒಂದೇ ಸಂಪುಟದಲ್ಲಿ ಹೇಳುವ ಪುಸ್ತಕ ಓದಲು ಖುಷಿ ಕೊಡುತ್ತದೆ, ನನಗೂ ಇಷ್ಟ. ಆದರೆ ಅದರ ಜೊತೆಗೆ ಒಂದು ಊರು, ಒಂದು ವರ್ಷ, ಒಂದು ಮೊಕದ್ದಮೆಯ ಮೇಲೆ ಬರೆದ ಪುಸ್ತಕವನ್ನೂ ಓದಿ. ಎರಡನೆಯದನ್ನು ಓದುವಾಗ ಇತಿಹಾಸಕಾರರಿಗೆ ಹೇಗೆ ಗೊತ್ತಾಗುತ್ತದೆ ಎನ್ನುವುದು ಕಾಣುತ್ತದೆ. ದೊಡ್ಡ ಪುಸ್ತಕಗಳಲ್ಲಿ ಅದು ಮುಚ್ಚಿಹೋಗಿರುತ್ತದೆ.

ಅತಿ ಹಳೆಯದು ಸಿಕ್ಕಿತು ಎನ್ನುವ ಸುದ್ದಿಗೆ ಮಾತ್ರ ವಿಜ್ಞಾನದ ನಿಯಮವನ್ನೇ ಹಾಕಬೇಕು. ಇಂಡೋನೇಷ್ಯಾದ ಗುನುಂಗ್ ಪಡಾಂಗ್ ಬೆಟ್ಟದಲ್ಲಿ 25,000 ವರ್ಷಕ್ಕೂ ಹಳೆಯ, ಮನುಷ್ಯರೇ ಕಟ್ಟಿದ ಪಿರಮಿಡ್ ಇದೆ ಎಂದ ಪ್ರಬಂಧ 2023ರಲ್ಲಿ ಬಂತು. 2024ರಲ್ಲಿ ಜರ್ನಲ್ ಅದನ್ನು ವಾಪಸ್ ಪಡೆಯಿತು. ಕಾಲ ಅಳೆದದ್ದು ಮಣ್ಣನ್ನು, ಅಲ್ಲಿ ಮನುಷ್ಯರ ಕೈವಾಡಕ್ಕೆ ಕುರುಹು ಇರಲಿಲ್ಲ. ಇದಕ್ಕೆ ಎದುರಾಗಿ ಅಮೆರಿಕದ ವೈಟ್ ಸ್ಯಾಂಡ್ಸ್‌ನ ಮನುಷ್ಯರ ಹೆಜ್ಜೆಗುರುತುಗಳನ್ನು ನೋಡಿ. 21,000ದಿಂದ 23,000 ವರ್ಷ ಹಳೆಯವು ಎಂದು 2021ರಲ್ಲಿ ಹೇಳಿದಾಗ ಬಹಳ ಜನ ಒಪ್ಪಲಿಲ್ಲ, ನೀರಿನ ಗಿಡದ ಬೀಜಗಳಿಂದ ಲೆಕ್ಕ ಹಾಕಿದರೆ ತಪ್ಪು ಬರಬಹುದು ಎಂದರು. ಅದೇ ತಂಡ 2023ರಲ್ಲಿ ಪರಾಗ ಮತ್ತು ಕ್ವಾರ್ಟ್ಸ್ ಕಣಗಳಿಂದ ಮತ್ತೆ ಅಳೆಯಿತು, ಹೆಚ್ಚೂಕಡಿಮೆ ಅದೇ ಕಾಲ ಬಂತು. ಈ ಎರಡೂ ಸುದ್ದಿ ಮೊದಲ ದಿನ ಒಂದೇ ಥರ ಕಂಡಿರುತ್ತವೆ. ಎರಡು ವರ್ಷ ಬಿಟ್ಟು ಬಂದ ಲೇಖನದಲ್ಲಿ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಸಾರಾಂಶಗಳ ಬಗ್ಗೆ

ವಿಕಿಪೀಡಿಯ ಆರಂಭಕ್ಕೆ ಒಳ್ಳೆಯದು. ಅದರ ಅಡಿಟಿಪ್ಪಣಿಗಳು ಇನ್ನೂ ಒಳ್ಳೆಯವು. ವಿವಾದದ ವಿಷಯವಾದರೆ ಪುಟದ ಚರ್ಚೆ ವಿಭಾಗವನ್ನೂ ನೋಡಿ, ಯಾವ ಸಾಲಿನ ಮೇಲೆ ತಕರಾರು ಇದೆ ಎನ್ನುವುದು ಅಲ್ಲಿ ಕಾಣುತ್ತದೆ. ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವನ್ನು, ಮೂಲ ನಿಮ್ಮ ಮುಂದೆ ಇದ್ದಾಗ ಮಾತ್ರ ಬಳಸಿ. ಅದು ಇಲ್ಲದ ಪುಟವನ್ನೂ ಇದೆ ಎಂದು ಹೇಳಿಬಿಡಬಲ್ಲದು. ಪಾಡ್‌ಕಾಸ್ಟ್ ಕೇಳಲು ಚೆನ್ನ, ಆದರೆ ಅಂಕಿ ಮತ್ತು ಹೆಸರು ಬರುವ ವಿಷಯಕ್ಕೆ ಓದೇ ಮೇಲು. ಹಿಂದಕ್ಕೆ ಹೋಗಿ ಮತ್ತೆ ನೋಡಬಹುದು, ಅಲ್ವಾ?

ಸಂಸ್ಕೃತಿ, ಮತ್ತು ನಾಲ್ಕೂ ಸೇರುವ ಜಾಗ

ಹೊಸ ಕಾದಂಬರಿ, ಚಿತ್ರ, ನಾಟಕಗಳ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ಬಿಡುಗಡೆಯ ವಾರದ ಸಂದರ್ಶನ ಬಿಟ್ಟುಬಿಡಿ, ಅದು ಪ್ರಚಾರದ ಭಾಗ. ಸಣ್ಣ ವಿಮರ್ಶೆಯನ್ನು ನೋಡಬೇಕೋ ಬೇಡವೋ ಎಂದು ತಿಳಿಯಲು ಓದಿ. ದೀರ್ಘ ವಿಮರ್ಶೆಯನ್ನು ಕೃತಿಯನ್ನು ನೋಡಿದ ಮೇಲೆ ಓದಿ. ಮಾರುವವರ ಬರಹಕ್ಕೂ ವಿದ್ವಾಂಸರ ಬರಹಕ್ಕೂ ಇರುವ ಅಂತರ ಕಲೆಯಲ್ಲೂ ದೊಡ್ಡದು. 2017ರಲ್ಲಿ 45 ಕೋಟಿ ಡಾಲರ್‌ಗೆ ಹರಾಜಾದ "ಸಾಲ್ವಟೊರ್ ಮುಂಡಿ" ಚಿತ್ರವನ್ನು ಹರಾಜಿನವರು ಲಿಯೊನಾರ್ಡೊ ಡ ವಿಂಚಿ ಅವರದ್ದೆಂದೇ ಮಾರಿದರು. ಎಷ್ಟು ಭಾಗ ಅವರ ಕೈಯದು, ಎಷ್ಟು ಶಿಷ್ಯರದು ಎಂದು ಕಲಾ ಇತಿಹಾಸಕಾರರು ಇವತ್ತಿಗೂ ವಾದಿಸುತ್ತಿದ್ದಾರೆ.

ಇದಕ್ಕಿಂತ ಆಸಕ್ತಿಯ ಪ್ರಶ್ನೆ ಇನ್ನೊಂದಿದೆ. ಒಂದೇ ವಿಷಯದಲ್ಲಿ ನಾಲ್ಕೂ ಸೇರಿಕೊಂಡರೆ ಯಾವ ತುದಿಯಿಂದ ಓದಲು ಶುರು ಮಾಡುವುದು? ಬೆನಿನ್ ಕಂಚುಗಳನ್ನೇ ತೆಗೆದುಕೊಳ್ಳೋಣ. ಇವತ್ತಿನ ನೈಜೀರಿಯಾದಲ್ಲಿರುವ ಬೆನಿನ್ ನಗರದ ಮೇಲೆ 1897ರಲ್ಲಿ ಬ್ರಿಟಿಷ್ ಸೇನೆ ದಾಳಿ ಮಾಡಿ, ಅರಮನೆಯ ಸಾವಿರಾರು ಕಲಾಕೃತಿಗಳನ್ನು ಹೊತ್ತೊಯ್ದಿತು. ಅವು ಯುರೋಪ್, ಅಮೆರಿಕದ ಮ್ಯೂಸಿಯಮ್‌ಗಳಿಗೆ ಹಂಚಿಹೋದವು. ಬ್ರಿಟಿಷ್ ಮ್ಯೂಸಿಯಮ್ ಒಂದರಲ್ಲೇ ಬೆನಿನ್‌ನ 900ಕ್ಕೂ ಹೆಚ್ಚು ವಸ್ತುಗಳಿವೆ.

ಸುದ್ದಿಯಿಂದ ಶುರು ಮಾಡಿದರೆ ಸಿಗುವುದು ಯಾರು ಎಷ್ಟು ವಾಪಸ್ ಕೊಟ್ಟರು ಎನ್ನುವ ಲೆಕ್ಕ. 2022ರಲ್ಲಿ ಜರ್ಮನಿ ಕೆಲವನ್ನು ಕೊಟ್ಟಿತು, 2025ರಲ್ಲಿ ನೆದರ್ಲೆಂಡ್ಸ್ 119 ಕೊಟ್ಟಿತು. ದಾಖಲೆಗೆ ಹೋದರೆ ಕಥೆ ಆಳವಾಗುತ್ತದೆ. ಬ್ರಿಟಿಷ್ ಮ್ಯೂಸಿಯಮ್ ಯಾಕೆ ಕೊಡುತ್ತಿಲ್ಲ ಎನ್ನುವುದಕ್ಕೆ ಅದು ತೋರಿಸುವ ಕಾರಣ 1963ರ ಒಂದು ಕಾಯಿದೆಯಲ್ಲಿದೆ. ಸಂಗ್ರಹದ ವಸ್ತುಗಳನ್ನು ಬಿಟ್ಟುಕೊಡಲು ಆ ಕಾಯಿದೆ ಕೆಲವೇ ಸಂದರ್ಭಗಳಲ್ಲಿ ಅವಕಾಶ ಕೊಡುತ್ತದೆ. ಫ್ರಾನ್ಸ್ ಅಧ್ಯಕ್ಷರು ಕೇಳಿದ್ದಕ್ಕೆ ಫೆಲ್ವಿನ್ ಸಾರ್ ಮತ್ತು ಬೆನೆಡಿಕ್ಟ್ ಸವೊಯ್ 2018ರಲ್ಲಿ ಬರೆದುಕೊಟ್ಟ ವರದಿ, ಆಫ್ರಿಕಾದ ವಸ್ತುಗಳನ್ನು ಮರಳಿಸುವ ಬಗ್ಗೆ ನೇರವಾಗಿ, ಗಟ್ಟಿಯಾಗಿ ಮಾತಾಡುತ್ತದೆ. ಈ ಚರ್ಚೆಯಲ್ಲಿ ಒಂದೇ ದಾಖಲೆ ಓದುವುದಾದರೆ ಅದನ್ನೇ ಓದಿ.

ಆದರೆ ವಾಪಸ್ ಬಂದದ್ದು ಯಾರಿಗೆ ಸೇರಬೇಕು? 2023ರ ಮಾರ್ಚ್‌ನಲ್ಲಿ ನೈಜೀರಿಯಾದ ಅಂದಿನ ಅಧ್ಯಕ್ಷ ಬುಹಾರಿ, ಅವುಗಳ ಒಡೆತನ ಬೆನಿನ್‌ನ ಒಬಾ, ಅಂದರೆ ಅಲ್ಲಿನ ಅರಸರಿಗೆ ಎಂದು ಘೋಷಿಸಿದರು. ಸಾರ್ವಜನಿಕ ಮ್ಯೂಸಿಯಮ್‌ಗೆ ಹೋಗುತ್ತವೆ ಎಂದುಕೊಂಡಿದ್ದವರಿಗೆ ಇದು ಹೊಸ ಪ್ರಶ್ನೆ. ಇದನ್ನು ಅರ್ಥಮಾಡಿಕೊಳ್ಳಲು ಹೊರಗಿನವರ ಅಂಕಣ ಸಾಲದು, ನೈಜೀರಿಯಾದ ಬರಹಗಾರರು ಬರೆದದ್ದೇ ಬೇಕು.

ವಿಜ್ಞಾನದ ತುದಿಯಿಂದ ಬಂದರೆ ಇನ್ನೊಂದು ಪದರ ತೆರೆಯುತ್ತದೆ. ಕಂಚು ಎಂದು ಕರೆದರೂ ಇವುಗಳಲ್ಲಿ ಹೆಚ್ಚಿನವು ಹಿತ್ತಾಳೆ. ಆ ಲೋಹ ಎಲ್ಲಿಂದ ಬಂತು? ಅಟ್ಲಾಂಟಿಕ್‌ನಲ್ಲಿ ಮುಳುಗಿದ ಹಡಗುಗಳಲ್ಲಿ ಮತ್ತು ಬೇರೆ ಕಡೆ ಸಿಕ್ಕ ಮನಿಲ್ಲಾ ಎಂಬ ಲೋಹದ ಬಳೆಗಳನ್ನು ಸಂಶೋಧಕರು ಪರೀಕ್ಷಿಸಿದರು. ಯುರೋಪಿಯನ್ನರು ಆಫ್ರಿಕಾದ ತೀರದಲ್ಲಿ ಹಣದ ಹಾಗೆ ಬಳಸುತ್ತಿದ್ದ ಬಳೆಗಳಿವು. ಗುಲಾಮರನ್ನು ಕೊಂಡದ್ದೂ ಇವುಗಳಿಂದಲೇ. ಅವುಗಳೊಳಗಿನ ಸೀಸದ ಐಸೊಟೋಪ್‌ಗಳನ್ನು, ಅಂದರೆ ತೂಕದಲ್ಲಿ ಬೇರೆಯಾದ ಸೀಸದ ಪರಮಾಣುಗಳನ್ನು, ನೋಡಿದಾಗ, ಬೆನಿನ್ ಕಲಾಕೃತಿಗಳ ಲೋಹದ ಜೊತೆ ಹೊಂದಿದವು. ಅದಿರಿನ ಮೂಲ ಜರ್ಮನಿಯ ರೈನ್‌ಲ್ಯಾಂಡ್ ಎಂದು ಗೊತ್ತಾಯಿತು. 2023ರ ಏಪ್ರಿಲ್‌ನಲ್ಲಿ ಪ್ಲಾಸ್ ಒನ್ ಜರ್ನಲ್‌ನಲ್ಲಿ ಬಂದ ಈ ಪ್ರಬಂಧವನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಭಾಷೆಯೂ ಅಷ್ಟೇನೂ ಕಷ್ಟವಿಲ್ಲ.

ಇಂಥ ವಿಷಯಕ್ಕೆ ನಾನು ಹೇಳುವ ಕ್ರಮ ಹೀಗೆ. ಮೊದಲು ಕಲಾಕೃತಿಗಳ ಚಿತ್ರಗಳನ್ನೇ ಸಾವಕಾಶವಾಗಿ ನೋಡಿ. ಆಮೇಲೆ 1897ಕ್ಕಿಂತ ಹಿಂದಿನ ಬೆನಿನ್ ರಾಜ್ಯದ ಇತಿಹಾಸ ಓದಿ. ದಾಳಿಯಿಂದ ಶುರು ಮಾಡಿದರೆ ಆ ಜನ ಬರೀ ಕಳೆದುಕೊಂಡವರಾಗಿ ಕಾಣುತ್ತಾರೆ. ಆ ಇತಿಹಾಸ ಗೊತ್ತಿದ್ದರೆ ಲೋಹ ಎರಕ ಹೊಯ್ಯುವ ದೊಡ್ಡ ಪರಂಪರೆಯವರಾಗಿ ಕಾಣುತ್ತಾರೆ. ಮೂರನೆಯದಾಗಿ ಐಸೊಟೋಪ್ ಪ್ರಬಂಧ, ನಾಲ್ಕನೆಯದಾಗಿ ಸಾರ್ ಮತ್ತು ಸವೊಯ್ ಅವರ ವರದಿ. ಈ ವಾರದ ಸುದ್ದಿ ಇವೆಲ್ಲ ಆದ ಮೇಲೆ.